ಕೈಗೆತ್ತಿಕೊಂಡ ಕಲಿಕೆಯನ್ನು ಬಿಡಬಹುದೆ?

ಹಿಡಿದ ನೇಮವನ್ನು ನಡುವೆ ಬಿಡಬಾರದೆಂಬುದು ನಮ್ಮ ಮನೆತನಗಳಲ್ಲಿ ಬೆಳೆದುಬಂದ ನಂಬಿಕೆ. ಅದು ಒಳ್ಳೆಯದೇ. ಆದರೆ ಶಿವನ ಮುಂದೆ ಹಿಡಿದ ನೇಮಕ್ಕೂ ವ್ಯಾಸಂಗದ ಒಂದು ವಿಷಯಕ್ಕೂ ಅಂತರವುಂಟು. ವ್ಯಾಸಂಗವು ಮುಂದಿನ ಕಾಯಕಕ್ಕೆ ಸಿದ್ಧಗೊಳ್ಳುವ ಸಾಧನ. ಸಾಧನವು ನೆರವಾಗುತ್ತಿದೆಯೋ ಹೊರೆಯಾಗುತ್ತಿದೆಯೋ ಎಂದು ಆಗಾಗ ನೋಡಿಕೊಳ್ಳುವುದು ದೋಷವಲ್ಲ, ಅದು ವಿವೇಕ.

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಒಕ್ಕಲು ಮನೆತನವೊಂದು ಈಚೆಗೆ ಇಂಥದೇ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿತು. ಮಗಳು ಪ್ರಥಮ ಪಿ.ಯು. ವಿಜ್ಞಾನದ ವಿದ್ಯಾರ್ಥಿನಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳ ಜೊತೆಗೆ ಆಕೆ ಮೊಬೈಲಿನಲ್ಲಿ ಗಣಕ ವಿಜ್ಞಾನದ ಆನ್‌ಲೈನ್ ಪಾಠವನ್ನೂ ತಾನಾಗಿ ಹಿಡಿದಿದ್ದಳು. ಕೆಲವು ತಿಂಗಳಲ್ಲಿ ಪಾಠ ಬಾಕಿಬಿದ್ದಿತು, ನಿದ್ದೆ ಕೆಟ್ಟಿತು, ಗಣಿತದ ಅಂಕಗಳು ಇಳಿದವು. ತಂದೆ ಬಿಟ್ಟುಬಿಡು ಎಂದರು. ತಾಯಿಗೆ, ಇಂದು ಬಿಟ್ಟರೆ ಇಂಜಿನಿಯರಿಂಗಿನ ಬಾಗಿಲೇ ಮುಚ್ಚೀತೆಂಬ ಭಯ. ಮಗಳಿಗೆ, ಸೋತೆನೆಂಬ ನಾಚಿಕೆ. ಮೂವರೂ ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರು.

ಮೊದಲು ಭಯದ ವಿಷಯ. ಕರ್ನಾಟಕದ ಸಿ.ಇ.ಟಿ. ಪರೀಕ್ಷೆಯಲ್ಲಿ ಇಂಜಿನಿಯರಿಂಗ್ ಪ್ರವೇಶಕ್ಕೆ ಕೇಳುವುದು ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಗಣಿತ. ಒಂದೊಂದಕ್ಕೆ 60 ಅಂಕ. ಗಣಕ ವಿಜ್ಞಾನದ ಪ್ರಶ್ನೆಪತ್ರಿಕೆಯೇ ಅಲ್ಲಿಲ್ಲ. ಜೆ.ಇ.ಇ. ಪರೀಕ್ಷೆಯೂ ಈ ಮೂರನ್ನೇ ಕೇಳುತ್ತದೆ. ಗಣಕ ಕಲಿಯಬೇಕೆಂದು ಗಣಿತವನ್ನು ಕೆಡಿಸಿಕೊಳ್ಳುವುದು, ಫಲದ ಆಸೆಗೆ ಬೇರಿನ ನೀರನ್ನು ತಪ್ಪಿಸಿದಂತೆ.

ಎರಡನೆಯದಾಗಿ, ಬಿಡುವುದೆಂದರೆ ಏನು ಎಂಬುದನ್ನು ಪಾಲಕರು ಅರಿಯಬೇಕು. 2017ರ ಜುಲೈ 9ರಂದು ಆರಂಭಗೊಂಡ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆಯಲ್ಲಿ ಒಂಬತ್ತನೆಯ ತರಗತಿಯಿಂದ ಮೇಲ್ಪಟ್ಟ ಪಾಠಗಳು ದೊರೆಯುತ್ತವೆ. ಪಿ.ಯು. ಓದುವ ಮಗು ಅಂಥ ಪಾಠವನ್ನು ಹೆಚ್ಚುವರಿಯಾಗಿ ಕೇಳುತ್ತಿದ್ದು ನಿಲ್ಲಿಸಿದರೆ ಪಿ.ಯು. ಅಂಕಪಟ್ಟಿಗೆ ಅದರಿಂದ ಕುಂದಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಪರೀಕ್ಷೆಗೆಂದೇ ಹೆಸರು ನೋಂದಾಯಿಸಿದವರಿಗಾದರೋ ಐದು ವರ್ಷಗಳ ಅವಧಿಯೂ ಒಂಬತ್ತು ಅವಕಾಶಗಳೂ ಉಂಟು. ಅವರು ಬಿಡುವ ಮಾತಿಗಿಂತ ಮುಂದೂಡುವ ಮಾತನ್ನು ಆಲೋಚಿಸಬೇಕು. ಕಾಲೇಜಿನಲ್ಲಿಯೇ ಗಣಕ ವಿಜ್ಞಾನವು ನಾಲ್ಕು ವಿಜ್ಞಾನ ವಿಷಯಗಳಲ್ಲಿ ಒಂದಾಗಿದ್ದರೆ ಸಂಗತಿ ಬೇರೆ. ಅದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಲಾಗದು, ಪ್ರಾಚಾರ್ಯರನ್ನು ಕಾಣಲೇಬೇಕು.

ಇನ್ನು ಮಗುವಿನ ಮನಸ್ಸು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಅಂದಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಪತಿ ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಕಳುಹಿಸಿದಳು. ಅದೇ ಲಕ್ಕಮ್ಮ, ಕಾಯಕವನ್ನು ಮರೆತು ಕುಳಿತ ಪತಿಯನ್ನು ಎಚ್ಚರಿಸಿ ಎಬ್ಬಿಸಿದವಳೂ ಹೌದು. ಹೆಚ್ಚಾದುದನ್ನು ಬಿಡುವುದು ಒಂದು. ಆಲಸ್ಯದಿಂದ ಬಿಡುವುದು ಇನ್ನೊಂದು. ಮಗು ಬಿಡುತ್ತಿರುವುದು ಇವೆರಡರಲ್ಲಿ ಯಾವುದು ಎಂಬುದೇ ಮನೆಯವರು ಕೇಳಬೇಕಾದ ಪ್ರಶ್ನೆ.

ಅದನ್ನು ತಿಳಿಯಲು ಹದಿನೈದು ದಿನ ಸಾಕು. ಮೊಬೈಲನ್ನು ಬದಿಗಿರಿಸಿ, ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಕೂಡಿಸುವ ಕ್ರಮವನ್ನು ಮಗು ಕಾಗದದ ಮೇಲೆ ಹೆಜ್ಜೆ ಹೆಜ್ಜೆಯಾಗಿ ಬರೆಯಲಿ. ಬರೆದುದನ್ನು ಮನೆಯ ಒಬ್ಬರಿಗೆ ತಿಳಿಸಿ ಹೇಳಲಿ. ಹೇಳುವಾಗ ಮುಖ ಅರಳಿದರೆ, ತೊಡಕು ವಿಷಯದಲ್ಲಿಲ್ಲ. ಕೇಳಿ ತಿಳಿಯಲು ಗುರುವಿಲ್ಲದಿರುವುದರಲ್ಲಿದೆ. ದೃಶ್ಯಪಾಠವು ಮಾತನಾಡುತ್ತದೆ, ಮಗುವಿನ ಪ್ರಶ್ನೆಗೆ ನಿಂತು ಉತ್ತರಿಸುವುದಿಲ್ಲ. ಆಗ ಊರಿನಲ್ಲಿ ಈ ವಿದ್ಯೆ ಬಲ್ಲವರನ್ನು ಹುಡುಕಿ, ವಾರಕ್ಕೊಂದು ಗಂಟೆ ಎದುರು ಕುಳ್ಳಿರಿಸಬೇಕು. ಹೇಳುವಾಗಲೂ ಮಗು ಬಳಲಿದರೆ, ಆ ಕಲಿಕೆ ಸದ್ಯಕ್ಕೆ ಹೆಚ್ಚಿನ ಅಕ್ಕಿಯೇ ಸರಿ.

ಮಠದ ಪಾಠಶಾಲೆಯಲ್ಲಿ ಓದಿದ ನಮಗೆ ಈ ಕ್ರಮ ಹೊಸದಲ್ಲ. ವ್ಯಾಕರಣ ಗಟ್ಟಿಯಾಗುವವರೆಗೆ ಗುರುಗಳು ತರ್ಕದ ಗ್ರಂಥವನ್ನು ಮುಚ್ಚಿಸುತ್ತಿದ್ದರು. ಮುಚ್ಚಿದ ಗ್ರಂಥವನ್ನು ಮರಳಿ ತೆರೆಯುವ ದಿನವೂ ಬರುತ್ತಿತ್ತು. ಇದೇ ಜಿಲ್ಲೆಯ ಸಿರಿಗೆರೆಯ ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಸಂಸ್ಕೃತ ವಿದ್ವಾಂಸರು. ಸುಮಾರು 4,000 ಸೂತ್ರಗಳ ಪಾಣಿನಿಯ ಅಷ್ಟಾಧ್ಯಾಯಿಯನ್ನು ಗಣಕಕ್ಕೆ ಅಳವಡಿಸಿ 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶವನ್ನು ರೂಪಿಸಿದವರು. ಶಾಸ್ತ್ರದಲ್ಲಿ ಬುದ್ಧಿ ಹದಗೊಂಡವರಿಗೆ ಗಣಕವು ತಡವಾಗಿ ಬಂದರೂ ಒಲಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಹೊರಕೆರೆದೇವಪುರದ ಮಗಳೂ ಹದಿನೈದು ದಿನ ಬರೆದು ನೋಡಿದಳು. ವಿಷಯ ಹಿಡಿಸಿತ್ತು, ಆದರೆ ದಿನಕ್ಕೆ ವೇಳೆ ಸಾಲದು ಎಂದು ತಾನೇ ಹೇಳಿದಳು. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಬಿಡಲಿ, ಬಿಡುವ ಮೊದಲು ಹಿಡಿದ ಅಧ್ಯಾಯವನ್ನು ಮುಗಿಸಿ ಟಿಪ್ಪಣಿಯನ್ನು ತೆಗೆದಿರಿಸಲಿ ಎಂದೆವು. ಹಾಗೆಯೇ ಮಾಡಿದಳು. ಬೇಸಿಗೆಯಲ್ಲಿ ಮರಳಿ ಹಿಡಿಯುವುದೂ ಬಿಡುವುದೂ ಆಕೆಯ ಇಚ್ಛೆ. ತಂದೆಗೆ ನಾವು ಹೇಳಿದ ಮಾತು ಒಂದೇ: ಮನೆಗೆ ಬಂದವರೆದುರು 'ನಮ್ಮ ಹುಡುಗಿಗೆ ಕಂಪ್ಯೂಟರ್ ಹತ್ತಲಿಲ್ಲ' ಎಂದು ಎಂದಿಗೂ ಆಡಬೇಡಿರಿ.

ಶರಣಬಂಧುಗಳೇ, ನೆರೆಮನೆಯ ಮಗು ಕಲಿಯುತ್ತಿದೆಯೆಂದು ನಮ್ಮ ಮಗುವಿನ ತಲೆಗೆ ಹೊರಿಸಿದ ವಿದ್ಯೆ ಬಹುಕಾಲ ನಿಲ್ಲದು. ಬಿಡಿಸುವ ಮುನ್ನ ವಿಚಾರಿಸಿರಿ, ಬಿಟ್ಟ ಮೇಲೆ ಹಂಗಿಸದಿರಿ. ಬಾಗಿಲನ್ನು ತೆರೆದಿಟ್ಟ ಮನೆಗೆ ವಿದ್ಯೆ ತನ್ನ ಸಮಯದಲ್ಲಿ ಮರಳಿ ಬರುತ್ತದೆ.