ಕೆರೆ ನೀರಿನ ಮೂರು ಬಣ್ಣ

ಅಕ್ಕಂದಿರೇ, ಬೋರ್‌ವೆಲ್ ಕೆಟ್ಟರೆ, ನಲ್ಲಿ ನಿಂತರೆ ನಾವು ಕೊಡ ಹಿಡಿದು ಹೋಗುವುದು ಎಲ್ಲಿಗೆ? ಕೆರೆಗೇ ತಾನೆ? ಆ ಕೆರೆ ನೀರು ವರ್ಷವಿಡೀ ಒಂದೇ ತರ ಇರುವುದಿಲ್ಲ. ಕಾಲಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಗುಣವೂ ಬದಲಾಗುತ್ತದೆ.

ಮಳೆಗಾಲ: ಕೆಂಪು ನೀರು

ಮೊದಲ ಮಳೆ ಹೊಲದ ಮಣ್ಣನ್ನು ಕೊಚ್ಚಿ ತರುತ್ತದೆ. ಮಣ್ಣಿನ ಜೊತೆ ಸಗಣಿ, ಬಯಲಲ್ಲಿ ಬಿದ್ದ ಮಲ, ಗೊಬ್ಬರ, ಬೆಳೆಗೆ ಹೊಡೆದ ಔಷಧಿ ಎಲ್ಲವೂ ಬರುತ್ತವೆ. ಅದಕ್ಕೇ ಮಳೆಗಾಲದಲ್ಲಿ ಮಕ್ಕಳಿಗೆ ವಾಂತಿ ಭೇದಿ ಜಾಸ್ತಿ.

ಚಳಿಗಾಲ: ತಿಳಿ ನೀರು

ಮಳೆ ನಿಂತ ಮೇಲೆ ಮಣ್ಣು ತಳಕ್ಕೆ ಇಳಿಯುತ್ತದೆ. ಇದೇ ಹೂಳು. ಮೇಲಿನ ನೀರು ತಿಳಿಯಾಗುತ್ತದೆ. ಹಂಗಂತ ಅದು ಶುದ್ಧವಲ್ಲ. ರೋಗಾಣು ಕಣ್ಣಿಗೆ ಕಾಣುವುದಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಕುದಿಸಬೇಕು. ಕೊತಕೊತ ಕುದಿ ಬಂದ ಮೇಲೂ 1 ನಿಮಿಷ ಒಲೆ ಮೇಲಿರಲಿ.

ಬೇಸಿಗೆ: ಹಸಿರು ನೀರು

ನೀರು ಬತ್ತುತ್ತದೆ. ಕೊಳೆ ಬತ್ತುವುದಿಲ್ಲ. ಸಾರು ಕುದ್ದು ಇಂಗಿದರೆ ಉಪ್ಪು ಜಾಸ್ತಿ ಆಗುತ್ತದಲ್ಲವಾ? ಹಾಗೇ ಇದು. ತಳದ ಹೂಳಿನಿಂದ ಗೊಬ್ಬರದ ಸಾರ ನೀರಿಗೆ ಬಿಡುತ್ತದೆ. ಅದನ್ನು ಉಂಡು ಪಾಚಿ ಬೆಳೆಯುತ್ತದೆ. ರಾತ್ರಿ ಪಾಚಿಯೂ ಉಸಿರಾಡುತ್ತದೆ. ಗಾಳಿ ಸಾಲದೆ ಬೆಳಗಿನ ಜಾವ ಮೀನು ಸಾಯುತ್ತವೆ.

ಬಣ್ಣ ಕಲಸಿದ ಹಾಗೆ ಹಸಿರು ಕೆನೆ ಕಟ್ಟಿದ ನೀರಿನಲ್ಲಿ ವಿಷ ಇರಬಹುದು. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅದನ್ನು ಕುಡಿಯಬಾರದು. ದನಕರುಗಳಿಗೂ ಕುಡಿಸಬಾರದು.

ಹೂಳು ತುಂಬಿದರೆ?

ವರ್ಷ ವರ್ಷ ಹೂಳು ತುಂಬಿದರೆ ನೀರಿಗೆ ಜಾಗ ಎಲ್ಲಿ? ದೊಡ್ಡ ಅಣೆಕಟ್ಟಿನದೂ ಇದೇ ಪಾಡು. ಹೊಸಪೇಟೆ ಬಳಿ ತುಂಗಭದ್ರಾ ಜಲಾಶಯವಿದೆ. ಅಲ್ಲಿ 1953ರಲ್ಲಿ ನೀರು ನಿಲ್ಲಿಸಿದರು. ಅಂದು 100 ಕೊಡ ಹಿಡಿಯುತ್ತಿದ್ದ ಕಡೆ ಈಗ ಸುಮಾರು 80 ಕೊಡ ಮಾತ್ರ ಹಿಡಿಯುತ್ತದೆ. ಉಳಿದ ಜಾಗ ಹೂಳಿನ ಪಾಲು.

ಬೇಸಿಗೆಯಲ್ಲಿ ಕೆರೆಯ ಹೂಳು ಎತ್ತಿ ಹೊಲಕ್ಕೆ ಹಾಕುವುದು ನಮ್ಮ ಹಿರಿಯರ ಪದ್ಧತಿ. ಕೆರೆಗೂ ಒಳ್ಳೆಯದು, ಹೊಲಕ್ಕೂ ಒಳ್ಳೆಯದು. ಆದರೆ ಪೇಟೆಯ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯ ಹೂಳು ಹೊಲಕ್ಕೆ ಬೇಡ. ನೀರಿನ ವಿಷ ಹೂಳಿನಲ್ಲಿ ಕೂತಿರುತ್ತದೆ.

ಬನ್ನಿ, ಗ್ರಾಮಸಭೆಗೆ ಹೋಗೋಣ. ಕೆರೆಗೆ ಚರಂಡಿ ಯಾಕೆ ಬಿಟ್ಟಿದ್ದೀರಿ? ಹೂಳು ಯಾವಾಗ ಎತ್ತಿಸುತ್ತೀರಿ? ಹೀಗೆಂದು ಕೇಳೋಣ. ನೀರು ಹೊರುವವರು ನಾವು. ಕೇಳುವವರೂ ನಾವೇ ಆಗಬೇಕು.