ಒಂದು ತಂಬಿಗೆ ನೀರು, ನಲವತ್ತು ಸುರುಳಿ

ಸಿದ್ಧೇಶ್ವರ ಜಾತ್ರೆ ಹತ್ತಿರ ಬಂತೆಂದರೆ ನಮ್ಮ ವಿಜಯಪುರದ ಮಕ್ಕಳಿಗೆ ಎರಡು ಹಬ್ಬ. ಒಂದು ಸಂಕ್ರಮಣ, ಇನ್ನೊಂದು ಶಾಲೆಯ ಗ್ಯಾದರಿಂಗ್. ಗುಡಿಯ ಸುತ್ತ ಬಳೆ, ರಿಬ್ಬನ್ನು, ಪಿನ್ನುಗಳ ಅಂಗಡಿಗಳು ಸಾಲಾಗಿ ಏಳುವ ಹೊತ್ತಿಗೆ ಮನೆಮನೆಯಲ್ಲೂ ಮಕ್ಕಳ ವೇಷಭೂಷಣದ ಗಡಿಬಿಡಿ ಶುರುವಾಗಿರುತ್ತದೆ.

ಈ ಸಲ ಏಳನೇ ತರಗತಿಯ ನನ್ನ ಮಗಳು ಶಾಲೆಯಿಂದ ಬಂದವಳೇ ಚೀಲ ಒಗೆದು ಆಯಿಯ ಮುಂದೆ ಕುಣಿದಳು.

“ಆಯಿ, ನಾ ಗ್ಯಾದರಿಂಗಿನ್ಯಾಗ ಅಮೀರ್‌ಬಾಯಿ ಆಗ್ಲಾಕತ್ತೀನಿ! ತಲಿ ಹಳೇ ಸಿನಿಮಾದವರ ಹಂಗ ಸುರುಳಿ ಸುರುಳಿ ಆಗಬೇಕಂತ ಟೀಚರ್ ಹೇಳ್ಯಾರ.”

ಆಯಿ, ಅಂದರೆ ನನ್ನ ಅವ್ವ, ಹಸನು ಮಾಡುತ್ತಿದ್ದ ಎಳ್ಳಿನ ಮೊರದಿಂದ ತಲೆ ಎತ್ತಲಿಲ್ಲ. “ಬ್ಯಾರೆ ಪಾತ್ರ ಯಾವ್ದೂ ಸಿಗಲಿಲ್ಲೇನು?” ಅಂದಳು. ಮೊಮ್ಮಗಳು ಏನು ಕೇಳಿದರೂ ಇಲ್ಲ ಅನ್ನದ ಅವ್ವ ಅಂದು ಹಾಗೆ ಅಂದದ್ದು ನನಗೂ ವಿಚಿತ್ರ ಅನ್ನಿಸಿತು.

ಯಾರು ಈ ಅಮೀರ್‌ಬಾಯಿ?

ಮಕ್ಕಳೇ, ಅಮೀರ್‌ಬಾಯಿ ಕರ್ನಾಟಕಿ ನಮ್ಮ ಸೀಮೆಯವರೇ. ಹುಟ್ಟಿದ್ದು ಬೀಳಗಿಯಲ್ಲಿ. ಅದು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರವರೆಗೆ ಅದೂ ವಿಜಾಪುರ ಜಿಲ್ಲೆಯೇ. ಅಕ್ಕತಂಗಿಯರಿಬ್ಬರೂ ಹಾಡುಗಾರ್ತಿಯರು. ಗೋಹರ್‌ಬಾಯಿ ಮರಾಠಿ ರಂಗಭೂಮಿಯ ದೊಡ್ಡ ನಟ ಬಾಲಗಂಧರ್ವರ ನಾಟಕ ಮಂಡಳಿ ಸೇರಿದರು. ಅಮೀರ್‌ಬಾಯಿ ಮುಂಬಯಿಯ ಸಿನಿಮಾಗಳಲ್ಲಿ ನಟಿಸಿದರು, ಹಾಡಿದರು. 1943ರಲ್ಲಿ ಬಂದ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅವರ ದನಿ ದೇಶದ ತುಂಬ ಕೇಳಿಸಿತು. ಆ ಚಿತ್ರ ಕಲಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಓಡಿತು. ಅಮೀರ್‌ಬಾಯಿ ನಮ್ಮ ಊರನ್ನು ಮರೆಯಲಿಲ್ಲ. ವಿಜಯಪುರದ ಅಮೀರ್ ಟಾಕೀಸ್ ಕಟ್ಟಿಸಿದವರು ಅವರೇ. 1965ರ ಮಾರ್ಚಿಯಲ್ಲಿ ತೀರಿಕೊಂಡರು. ಲೇಖಕ ರಹಮತ್ ತರೀಕೆರೆ ಅವರ ಮೇಲೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಇಷ್ಟು ದೊಡ್ಡ ಕಲಾವಿದೆ. ಆದರೂ ಆ ಕಾಲದಲ್ಲಿ ಹಾಡುವ, ಕುಣಿಯುವ, ನಟಿಸುವ ಹೆಣ್ಣುಮಕ್ಕಳನ್ನು ಜನ ಹಾಡು ಕೇಳುವಾಗ ಮೆಚ್ಚುತ್ತಿದ್ದರು, ಹಾಡು ಮುಗಿದ ಮೇಲೆ ಹಗುರಾಗಿ ಮಾತಾಡುತ್ತಿದ್ದರು. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಮೊದಲ ರಾತ್ರಿಯ ಫಜೀತಿ

ಆಯಿ ಬೇಡ ಅಂದಳೆಂದು ನಾವಿಬ್ಬರು ಬಿಟ್ಟೇವೆಯೇ? ಗುಡಿಯ ಹತ್ತಿರದ ಅಂಗಡಿಯಲ್ಲಿ ಕಪ್ಪು ಪಿನ್ನಿನ ಪಾಕೀಟು, ಪ್ಲಾಸ್ಟಿಕ್ಕಿನ ಆರು ರೋಲರ್ ತಂದೆವು. ರಾತ್ರಿ ಮಗಳ ತಲೆಗೆ ನೀರು ಸುರಿದು, ದಪ್ಪ ದಪ್ಪ ಎಳೆ ಹಿಡಿದು, ಬೆರಳಿಗೆ ಸುತ್ತಿ ಪಿನ್ನು ಚುಚ್ಚಿದೆ. ಹನ್ನೆರಡು ಸುರುಳಿಗೆ ಕೆಲಸ ಮುಗಿಯಿತು. ಮುಂಜಾನೆ ಬಿಚ್ಚಿ ನೋಡಿದರೆ ಒಳಗೆ ಇನ್ನೂ ಹಸಿ! ಕೆಲವು ಕಡೆ ನೆಟ್ಟಗೆ, ಕೆಲವು ಕಡೆ ಮುರಿದ ಶಾವಿಗೆಯ ಹಾಗೆ ಸೊಟ್ಟ. ತುದಿಗಳಂತೂ ಮೀನಿನ ಗಾಳದಂತೆ ಡೊಂಕು. ಮಗಳು ಅಳುವುದೊಂದು ಬಾಕಿ.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವನಿಗೆ ನಗು ತಡೆಯಲಾಗಲಿಲ್ಲ. “ಎಣ್ಣಿ ತಲಿಗೆ ಯಾರರ ಸುರುಳಿ ಹಾಕ್ತಾರೇನು? ತುದಿ ಒಳಗ ಹೋಗಬೇಕು, ಬುಡದಿಂದ ಸುತ್ತಬಾರದು. ತಾ ಇಲ್ಲೆ ಆ ಹಣಿಗಿ,” ಅಂದಳು.

ಹಣಿಗೆ ಕೊಟ್ಟೆ. ಎರಡು ಬೆರಳಿನಲ್ಲಿ ತೆಳ್ಳನೆಯ ಎಳೆ ಹಿಡಿದು, ತುದಿಯಿಂದ ಬುಡದವರೆಗೆ ಸುತ್ತಿ, ನೆತ್ತಿಗೆ ಚಪ್ಪಟೆ ಒತ್ತಿ, ಎರಡು ಪಿನ್ನು ಅಡ್ಡಡ್ಡ ಹಾಕಿದಳು. ಗಡಿಯಾರದ ಸ್ಪ್ರಿಂಗಿನಂಥ ಸುರುಳಿ! ಎಪ್ಪತ್ತೈದರ ಅವ್ವನ ಬೆರಳಿಗೆ ಗಂಟುನೋವು. ಒಂದೇ ಸುರುಳಿಗೆ ದಣಿದಳು. ಆದರೆ ಕೈ ಮರೆತಿರಲಿಲ್ಲ.

“ಆಯಿ, ನಿನಗ ಇದು ಹೆಂಗ ಬರ್ತದ?”

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು.

ಬಬಲೇಶ್ವರದ ಒಂದು ಸಂಜೆ

ಅದು 1965ರ ಸಂಕ್ರಮಣ. ಅವ್ವನಿಗೆ ಆಗ ಹದಿನೈದು ವರ್ಷ, ತವರುಮನೆ ಬಬಲೇಶ್ವರ. ಸೊಲ್ಲಾಪುರದಿಂದ ಅವಳ ಚಿಗವ್ವ ಜಾತ್ರೆಗೆಂದು ಬಂದಿದ್ದಳು. ಸೊಲ್ಲಾಪುರದಲ್ಲೂ ಇದೇ ಹೊತ್ತಿಗೆ ಸಿದ್ಧೇಶ್ವರನ ಜಾತ್ರೆ, ಅಲ್ಲೂ ನಂದಿಧ್ವಜದ ಮೆರವಣಿಗೆ. ಆದರೆ ತಂಗಿಯ ಮನೆ, ಅಕ್ಕನ ಮನೆ ಅಂತ ಹೆಣ್ಣುಮಕ್ಕಳು ಆ ಊರಿಂದ ಈ ಊರಿಗೆ ಬರುವುದು ಇದ್ದದ್ದೇ. ಚಿಗವ್ವನ ಟ್ರಂಕಿನಲ್ಲಿ ರೋಲರ್‌ಗಳಿದ್ದವು, ಒಂದು ಡಬ್ಬಿ ಪಿನ್ನಿದ್ದವು. ಆಗ ಸಿನಿಮಾಗಳಲ್ಲಿ ನೆತ್ತಿಯ ಮೇಲೆ ಎತ್ತರದ ಉಬ್ಬು, ಅದಕ್ಕೊಂದು ದೊಡ್ಡ ತುರುಬು ಬಂದಿದ್ದ ಕಾಲ. 1960ರ ‘ಲವ್ ಇನ್ ಸಿಮ್ಲಾ’ದಲ್ಲಿ ಸಾಧನಾ ಹಣೆಯ ಮೇಲೆ ಕೂದಲು ಕತ್ತರಿಸಿಕೊಂಡು ಬಂದದ್ದೇ ತಡ, ಊರೂರಿನ ಹುಡುಗಿಯರು ‘ಸಾಧನಾ ಕಟ್’ ಮಾಡಿಸಿಕೊಂಡಿದ್ದರು.

ಚಿಗವ್ವ ಅವ್ವನ ನೆತ್ತಿಗೆ ರೋಲರ್, ಕಿವಿಯ ಮೇಲೆ ಪಿನ್ನಿನ ಸುರುಳಿ ಹಾಕಿದಳು. ಸುತ್ತುವುದನ್ನು ಕೈ ಹಿಡಿದು ಕಲಿಸಿದಳು. ಮರುದಿನ ಜಾತ್ರೆಗೆ ವಿಜಾಪುರಕ್ಕೆ ಬಂದು, ಇಬ್ಬರೂ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡರು. ಫೋಟೋ ಎಂಟು ದಿನಕ್ಕೆ ಕೊಡುತ್ತೇವೆ ಅಂದಿದ್ದರಂತೆ.

ಸಂಜೆ ಮನೆಗೆ ಬಂದಾಗ ಅವ್ವನ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ತಲೆ ನೋಡಿದರು. “ನಾಟಕದಾಕಿ ಹಂಗ ಕಾಣ್ಲಾಕತ್ತೀಯಲ್ಲ,” ಅಂದರು. ಹೊಡೆಯಲಿಲ್ಲ, ಕೂಗಲೂ ಇಲ್ಲ. ಒಂದು ತಂಬಿಗೆ ನೀರು ತಂದು ತಲೆಯ ಮೇಲೆ ಸುರಿದರು. ಅಜ್ಜಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿದಳು. ಫೋಟೋ ತರಲು ಯಾರೂ ಹೋಗಲಿಲ್ಲ.

“ಒಂದ ತಂಬಿಗಿ ನೀರಿಗೆ ಎಲ್ಲಾ ಅಳಸಿ ಹೋತು ನೋಡು,” ಅಂದಳು ಅವ್ವ. “ಅವತ್ತಿನಿಂದ ನಾಟಕ, ಸಿನಿಮಾ ಅಂದ್ರ ನನಗ ಅದ ತಂಬಿಗಿ ನೆನಪ ಬರ್ತದ. ಅದಕ್ಕ ಬ್ಯಾಡ ಅಂದೆ, ಕೂಸಿನ ಮ್ಯಾಲಿನ ಸಿಟ್ಟಿಗಲ್ಲ.”

ನೀರು ಬರೆದದ್ದು, ನೀರೇ ಅಳಿಸಿದ್ದು

ಒಂದು ತಂಬಿಗೆ ನೀರಿಗೆ ಸುರುಳಿ ಹೇಗೆ ಮಾಯವಾಯಿತು? ಮಗಳ ಈ ಪ್ರಶ್ನೆಗೆ ಉತ್ತರ ವಿಜ್ಞಾನದಲ್ಲಿದೆ.

ನಮ್ಮ ಕೂದಲು, ಉಗುರು ಎರಡೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಕೂದಲೊಳಗೆ ಈ ಪ್ರೋಟೀನಿನ ಉದ್ದುದ್ದ ಎಳೆಗಳು ಒಂದಕ್ಕೊಂದು ಕೈ ಹಿಡಿದುಕೊಂಡಿರುತ್ತವೆ. ಕೆಲವು ಹಿಡಿತ ಸಡಿಲ, ಕೆಲವು ಗಟ್ಟಿ. ಸಡಿಲವಾದವು ಹೈಡ್ರೋಜನ್ ಬಂಧಗಳು. ಕೂದಲು ಒದ್ದೆಯಾದರೆ ಅವು ಕೈ ಬಿಡುತ್ತವೆ, ಒಣಗಿದರೆ ಮತ್ತೆ ಹಿಡಿಯುತ್ತವೆ. ಒದ್ದೆ ಕೂದಲನ್ನು ಸುತ್ತಿಟ್ಟು ಹಾಗೇ ಒಣಗಿಸಿದರೆ, ಸುತ್ತಿದ ಆಕಾರದಲ್ಲೇ ಕೈ ಹಿಡಿದು ಕೂಡುತ್ತವೆ. ಅದೇ ಸುರುಳಿ. ಮತ್ತೆ ನೀರು ಬಿದ್ದರೆ ಮತ್ತೆ ಬಿಡುತ್ತವೆ. ಗಟ್ಟಿ ಹಿಡಿತದವು ಡೈಸಲ್ಫೈಡ್ ಬಂಧಗಳು. ಅವು ನೀರಿಗೆ ಜಗ್ಗುವುದಿಲ್ಲ. ಬ್ಯೂಟಿ ಪಾರ್ಲರುಗಳಲ್ಲಿ ‘ಪರ್ಮ್’ ಮಾಡುವಾಗ ರಾಸಾಯನಿಕ ಹಾಕಿ ಅವನ್ನೇ ಬಿಡಿಸಿ ಕೂಡಿಸುತ್ತಾರೆ. ಮಕ್ಕಳ ತಲೆಗೆ ಅದು ಬೇಡವೇ ಬೇಡ.

ಗಾಳಿಯ ತೇವವೂ ನೀರೇ. ಅದಕ್ಕೇ ಕಡಲ ದಂಡೆಯ ಊರುಗಳಲ್ಲಿ ಸುರುಳಿ ಬೇಗ ಜೋತುಬೀಳುತ್ತದೆ. ಜನವರಿಯ ನಮ್ಮ ವಿಜಯಪುರದ ಒಣ ಹವೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಸುರುಳಿಯ ಆಸೆ ಇಂದಿನದಲ್ಲ. ಬಾದಾಮಿಯ ಮೂರನೇ ಗುಹೆಗೆ ಹೋದಾಗ ಕಂಬದ ಮೇಲಿನ ಜೋಡಿಗಳ ತಲೆ ನೋಡಿ. ಕ್ರಿ.ಶ. 578ರ ಆ ಗುಹೆಯಲ್ಲಿ ಕಲ್ಲಿನಲ್ಲೇ ಗುಂಗುರು ಕೂದಲು ಕೆತ್ತಿದ್ದಾರೆ. ಕನ್ನಡದಲ್ಲಿ ‘ಕುರುಳು’, ‘ಮುಂಗುರುಳು’ ಹಳೆಯ ಮಾತುಗಳು. ಇಂಗ್ಲಿಷಿನ ‘ಕರ್ಲ್’ ಕೇಳಲು ಅದರಂತೆಯೇ ಇದೆ, ಆದರೆ ಎರಡಕ್ಕೂ ಸಂಬಂಧವಿಲ್ಲ. ಅದು ಐರೋಪ್ಯ ಭಾಷೆಗಳಿಂದ ಬಂದ ಮಾತು. ಪ್ಯಾರಿಸ್ಸಿನಲ್ಲಿ ಮಾರ್ಸೆಲ್ ಗ್ರಾಟೊ ಎಂಬಾತ 1870ರ ದಶಕದಲ್ಲಿ ಕಾದ ಇಕ್ಕಳದಿಂದ ಕೂದಲಿಗೆ ಅಲೆ ಮೂಡಿಸಿ ಹೆಸರಾದ. ಆಮೇಲೆ 1930, 40ರ ದಶಕಗಳಲ್ಲಿ ಬೆಂಕಿಯೇ ಬೇಡದ ಪಿನ್ನಿನ ಸುರುಳಿ ಮನೆಮನೆಗೆ ಬಂತು. ಎರಡು ಪಿನ್ನು, ಒಂದು ಹಣಿಗೆ ಇದ್ದರೆ ಬಡವರ ಮನೆಯ ಹುಡುಗಿಯೂ ಮಾಡಿಕೊಳ್ಳಬಹುದಿತ್ತು.

ನೀವೂ ಮಾಡಿ ನೋಡಿ

ಗ್ಯಾದರಿಂಗಿನ ದಿನ ಅವ್ವ ಹೇಳಿದಳು, ನಾನು ಮಾಡಿದೆ. ಹೀಗೆ:

ಹಿಂದಿನ ದಿನವೇ ತಲೆ ತೊಳೆದು ಎಣ್ಣೆ ಪೂರಾ ತೆಗೆಯಬೇಕು. ಹಿಡಿತಕ್ಕೆ ನಮ್ಮ ಅಗಸಿಯೇ ಸಾಕು. ಹೌದು, ಚಟ್ನಿಪುಡಿಯ ಅಗಸಿ! ಎರಡು ಚಮಚ ಅಗಸಿಯನ್ನು ಒಂದು ಲೋಟ ನೀರಲ್ಲಿ ಕೈಯಾಡಿಸುತ್ತ ಕುದಿಸಿ. ಎಳೆ ಎಳೆಯಾಗಿ ಲೋಳೆ ಬಂದ ಕೂಡಲೇ ಬಿಸಿ ಇರುವಾಗಲೇ ದೊಡ್ಡವರು ತೆಳುಬಟ್ಟೆಯಲ್ಲಿ ಸೋಸಬೇಕು. ಆರಿದರೆ ಗಟ್ಟಿಯಾಗಿ ಇಳಿಯುವುದೇ ಇಲ್ಲ.

ಕೂದಲು ತೊಟ್ಟಿಕ್ಕಬಾರದು, ಬರೀ ಹಸಿ ಇರಬೇಕು. ಬೈತಲೆ ತೆಗೆದು, ಒಂದು ಇಂಚು ಅಗಲದ ಚೌಕ ಬಿಡಿಸಿ, ಆ ಎಳೆಗೆ ಅಗಸಿ ಲೋಳೆ ಸವರಿ ನುಣ್ಣಗೆ ಬಾಚಿ. ತುದಿಯನ್ನು ಒಳಗಿಟ್ಟು ಬುಡದವರೆಗೆ ಚಪ್ಪಟೆಯಾಗಿ ಸುತ್ತಿ, ಅದರ ಚೌಕದ ಮೇಲೆಯೇ ಕೂಡಿಸಿ, ಎರಡು ಪಿನ್ನು ಅಡ್ಡಡ್ಡ ಹಾಕಿ. ಒಂದು ಸಾಲಿನ ಸುರುಳಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿರಲಿ. ಮುಂದಿನ ಸಾಲು ಎದುರು ದಿಕ್ಕಿಗೆ ತಿರುಗಿದರೆ ಬಾಚಿದಾಗ ಅಲೆ ಅಲೆಯಾಗಿ ಬರುತ್ತದೆ. ಸುರುಳಿ ಸಣ್ಣದಾದಷ್ಟೂ ಗುಂಗುರು ಬಿಗಿ.

ನೆತ್ತಿ ಉಬ್ಬಿ ಕಾಣಬೇಕಾದರೆ ಅಲ್ಲಿಗೆ ರೋಲರ್. ರೋಲರಿಗಿಂತ ಅಗಲದ ಎಳೆ ತೆಗೆಯಬೇಡಿ. ಎಳೆಯನ್ನು ಮೇಲಕ್ಕೆ ನೆಟ್ಟಗೆ ಎತ್ತಿ ಬಾಚಿ, ತುದಿ ಮಡಚದಂತೆ ಸಣ್ಣ ಕಾಗದ ಇಟ್ಟು ಕೆಳಕ್ಕೆ ಸುತ್ತಿ. ತಲೆ ಜಗ್ಗಿ ನೋಯಬಾರದು. ಪಿನ್ನಿನ ಬಾಯಿ ಹಲ್ಲಿನಿಂದ ಬಿಚ್ಚಬೇಡಿ, ಕಣ್ಣಿನ ಹತ್ತಿರ ತರಬೇಡಿ.

ನಮ್ಮ ಮಗಳ ತಲೆಗೆ ನಲವತ್ತು ಸುರುಳಿ ಬಂದವು, ಎಂಬತ್ತು ಪಿನ್ನು. ಹತ್ತು ಗಂಟೆಗೆ ಮಾಳಿಗೆಯ ಬಿಸಿಲಿಗೆ ಕೂತಳು. ಒಣಗಿತೋ ಎಂದು ಒಂದನ್ನು ಬಿಚ್ಚಿ ನೋಡುವುದು, ಹಸಿ ಇದ್ದರೆ ಮತ್ತೆ ಸುತ್ತುವುದು. ಮೂರು ಗಂಟೆಗೆ ಎಲ್ಲ ಬಿಚ್ಚಿದಾಗ ತಲೆಯ ತುಂಬ ಸ್ಪ್ರಿಂಗುಗಳು! “ಅಯ್ಯಯ್ಯೋ, ಕುರಿಮರಿ ಆದೆ!” ಎಂದಳು. “ಹೆದರಬ್ಯಾಡ, ಬಾಚು,” ಅಂದಳು ಅವ್ವ. ಮೆತ್ತನೆಯ ಬ್ರಷ್ಷಿನಿಂದ ಬಾಚುತ್ತ ಹೋದಂತೆ ಸ್ಪ್ರಿಂಗುಗಳು ಒಂದಕ್ಕೊಂದು ಕೂಡಿಕೊಂಡು ಹಣೆಯ ಮೇಲೆ ಅಲೆ ನಿಂತಿತು. ಕಿವಿಯ ಹಿಂದೆ ಮಲ್ಲಿಗೆ ದಂಡೆ.

ಸಂಜೆ ಶಾಲೆಯಲ್ಲಿ ಮೈಕು ಒಮ್ಮೆ ಕೈಕೊಟ್ಟಿತು, ಮಗಳು ಒಂದು ಸಾಲು ಮರೆತಳು. ಆದರೂ “ನಾನು ಬೀಳಗಿಯ ಅಮೀರ್‌ಬಾಯಿ” ಎಂದು ತಲೆ ಎತ್ತಿ ಹೇಳಿದಾಗ ಮುಂದಿನ ಸಾಲಿನಲ್ಲಿದ್ದ ಅವ್ವ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದಳು.

ಮನೆಗೆ ಬರುವ ದಾರಿಯಲ್ಲಿ ಗುಡಿಯ ಹತ್ತಿರದ ಫೋಟೋ ಸ್ಟುಡಿಯೋ ತೆರೆದಿತ್ತು. ಮಗಳು ಆಯಿಯನ್ನು ಕೈ ಹಿಡಿದು ಒಳಗೆ ಎಳೆದಳು. “ನನಗ್ಯಾಕವ್ವ, ಬೆಳ್ಳಗಾದ ತಲಿ,” ಎಂದು ಅವ್ವ ಸೆರಗು ಸರಿಮಾಡಿಕೊಂಡಳು. ಮಗಳು ತನ್ನ ತಲೆಯ ಒಂದು ಪಿನ್ನು ತೆಗೆದು ಅವ್ವನ ಬಿಳಿ ಮುಂಗುರುಳನ್ನು ಬೆರಳಿಗೆ ಸುತ್ತಿ ಕಿವಿಯ ಮೇಲೆ ಸಿಕ್ಕಿಸಿದಳು. ಒಣ ಕೂದಲಲ್ಲವೇ, ಸುರುಳಿ ನಿಂತದ್ದು ಫೋಟೋ ತೆಗೆಯುವಷ್ಟೇ ಹೊತ್ತು. ಅಷ್ಟು ಸಾಕಾಯಿತು.

ಈ ಸಲದ ಫೋಟೋ ಅರ್ಧ ಗಂಟೆಯಲ್ಲೇ ಸಿಗುತ್ತಿತ್ತು. ಆದರೂ ಅವ್ವ ಮರುದಿನ ಮುಂಜಾನೆ ತಾನೇ ಹೋಗಿ ತಂದಳು.

ಅಜ್ಜ-ಅಜ್ಜಿಯಂದಿರೇ, ನಿಮ್ಮ ಟ್ರಂಕಿನಲ್ಲೂ ಹಳೆಯ ಫೋಟೋಗಳಿರಬೇಕಲ್ಲ? ಮಕ್ಕಳೇ, ಈ ವಾರ ಅವನ್ನು ತೆಗೆಸಿ ನೋಡಿ. ಆ ಕಾಲದಲ್ಲಿ ತಲೆ ಹೇಗೆ ಬಾಚುತ್ತಿದ್ದಿರಿ ಎಂದು ಕೇಳಿ. ತೆಗೆಸಿಯೂ ತರದೆ ಉಳಿದ ಫೋಟೋ ಯಾವುದಾದರೂ ಇದೆಯೇ ಎಂದೂ ಕೇಳಿ.