ನಕ್ಷೆಯ ಜೊತೆಗೆ ಕಡತವನ್ನೂ ಓದಬೇಕು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಈಸ್ಟ್ ಇಂಡಿಯಾ ಕಂಪನಿ ಮೈಸೂರು ಸೀಮೆಯನ್ನು ಅಳೆಯಲು ಹೊರಟಿತು. ವಿಲಿಯಂ ಲ್ಯಾಂಬ್ಟನ್ ತ್ರಿಕೋನ ಮಾಪನಕ್ಕಿಳಿದರೆ, ಫ್ರಾನ್ಸಿಸ್ ಬುಕಾನನ್ ಬೆಳೆ, ಮಣ್ಣು, ಕಸುಬುಗಳ ವಿವರ ಬರೆದುಕೊಳ್ಳುತ್ತ ತಿರುಗಾಡಿದ. ಊರು, ಗಡಿ, ಕೆರೆಗಳ ಸರ್ವೆ ಕಾಲಿನ್ ಮೆಕೆಂಜಿಯ ಪಾಲಿಗೆ ಬಂತು. ಭೂಗೋಳಶಾಸ್ತ್ರದ ಚರಿತ್ರೆ ಬರೆದವರು ಬಹುಕಾಲ ಇದನ್ನು ಉಪಕರಣಗಳ ಮತ್ತು ಅವನ್ನು ಹಿಡಿದ ಸಾಹೇಬರ ಕತೆಯಾಗಿಯೇ ಹೇಳಿದರು. ಈಗ ಆ ಹಿಡಿತ ಸಡಿಲಗೊಂಡಿದೆ. ಮ್ಯಾಥ್ಯೂ ಎಡ್ನಿ 1997ರ ತಮ್ಮ ಪುಸ್ತಕದಲ್ಲಿ ಸರ್ವೆಯನ್ನು ಸಾಮ್ರಾಜ್ಯದ ರಾಜಕಾರಣದೊಳಗಿಟ್ಟು ನೋಡಿದರು. ಕಲಾ ಇತಿಹಾಸಕಾರ ಫಿಲಿಪ್ ವ್ಯಾಗನರ್ 2003ರಲ್ಲಿ ಮೆಕೆಂಜಿಯ ದೇಶೀ ನೌಕರರ ವಿದ್ಯೆಯನ್ನೇ ಅಧ್ಯಯನದ ವಸ್ತುವಾಗಿಸಿದರು. ಶಾಸನತಜ್ಞರು, ಭಾಷಾವಿದರು, ಕಲೆಯ ಚರಿತ್ರಕಾರರು ಭೂಗೋಳದ ಚರಿತ್ರೆಗೆ ಕೈಹಾಕುವುದು ಅತಿಕ್ರಮಣವಲ್ಲ. ಅವರಿಲ್ಲದೆ ಮೈಸೂರಿನ ನಕ್ಷೆ ಹೇಗೆ ತಯಾರಾಯಿತು ಎಂಬುದೇ ಅರ್ಥವಾಗದು.

ಮೆಕೆಂಜಿಯ ಜನ ಸಂಗ್ರಹಿಸಿದ ಸಾಮಗ್ರಿಯಲ್ಲಿ ಕಡತಗಳೂ ಇದ್ದವು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಾಳೆಗಳವು. ಬಳಪದಿಂದ ಬರೆಯುವುದು, ಬೇಡವಾದರೆ ಅಳಿಸುವುದು. ಊರಿನ ಜಮೀನು, ಕಂದಾಯ, ಮಾನ್ಯಗಳ ಲೆಕ್ಕ ಶಾನುಭೋಗರ ಮನೆಯಲ್ಲಿ ಹೀಗೆ ಉಳಿದಿತ್ತು. ಆ ಲೆಕ್ಕವನ್ನು ಓದಿ ಹೇಳುವವರು, ಹಿರಿಯರಿಂದ ಊರಿನ ಕೈಫಿಯತ್ತು, ಅಂದರೆ ಸ್ಥಳಚರಿತ್ರೆ, ಬರೆಸಿಕೊಳ್ಳುವವರು ಮೆಕೆಂಜಿಗೆ ಬೇಕಿತ್ತು. ಕಾವಲಿ ವೆಂಕಟ ಬೋರಯ್ಯ 1803ರಲ್ಲಿ ತೀರಿಕೊಳ್ಳುವವರೆಗೆ ಈ ಕೆಲಸದ ಮುಂದಾಳು; ಅನಂತರ ಆ ಹೊಣೆ ತಮ್ಮ ಲಕ್ಷ್ಮಯ್ಯನಿಗೆ ಬಂತು. ಹಳಗನ್ನಡ ಶಾಸನಗಳ ವಿಷಯದಲ್ಲಿ ನೆರವಾದವರು ಜೈನ ಪಂಡಿತ ಧರ್ಮಯ್ಯ. ಥಾಮಸ್ ಹಿಕಿ 1816ರಲ್ಲಿ ಬರೆದ ವರ್ಣಚಿತ್ರದಲ್ಲಿ ಮೆಕೆಂಜಿಯ ಜೊತೆ ಲಕ್ಷ್ಮಯ್ಯ ಮತ್ತು ಧರ್ಮಯ್ಯ ಇಬ್ಬರೂ ನಿಂತಿದ್ದಾರೆ, ಜವಾನನೊಬ್ಬ ದೂರದರ್ಶಕ ಹಿಡಿದಿದ್ದಾನೆ, ಹಿಂದೆ ಬೆಟ್ಟದ ಮೇಲೆ ಗೊಮ್ಮಟ. ಸರ್ವೆಯ ಕಾಗದಪತ್ರಗಳಷ್ಟೇ ಈ ಚಿತ್ರವೂ ಭೂಗೋಳದ ದಾಖಲೆ: ದೂರದರ್ಶಕ ಮತ್ತು ಧರ್ಮಯ್ಯನವರ ಕೈಯ ಓಲೆಗರಿ ಒಂದೇ ಚೌಕಟ್ಟಿನಲ್ಲಿರಬೇಕೆಂದು ಆ ಕಾಲದವರಿಗೇ ಅನಿಸಿತ್ತು.

ಕೋನ ಅಳೆಯಲು ದುಭಾಷಿ ಬೇಕಿಲ್ಲ, ನಕ್ಷೆಯ ನಿಖರತೆ ಗಣಿತದಿಂದ ಬಂದದ್ದು ಎಂಬ ಆಕ್ಷೇಪಣೆಯಿದೆ. ಅರ್ಧ ಸತ್ಯ. ತ್ರಿಕೋನಗಳು ಬಿಂದುಗಳನ್ನು ಕೊಡುತ್ತವೆ. ಆ ಬಿಂದುಗಳ ನಡುವಿನ ಹಳ್ಳಿಗೆ ಹೆಸರೇನು, ಅದು ಯಾವ ಹೋಬಳಿಗೆ ಸೇರಿದ್ದು, ಗಡಿಕಲ್ಲು ಯಾರದು ಎಂಬುದನ್ನು ಥಿಯೊಡೊಲೈಟ್ ಹೇಳುವುದಿಲ್ಲ. ಕಂಪನಿಗೆ ಬೇಕಿದ್ದದ್ದು ಇವೆರಡೂ. ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು: ಇಂಥ ಅಧ್ಯಯನ ಸಹಭಾಗಿತ್ವದ ಸುಂದರ ಕತೆ ಕಟ್ಟಿ, ಆಳುವವರ ಬಲವನ್ನು ಮರೆಸುತ್ತದೆ ಎನ್ನುವುದು. ಆ ಅಪಾಯ ನಿಜಕ್ಕೂ ಇದೆ, ಆದರೆ ಅದನ್ನು ತಡೆಯುವ ಪುರಾವೆ ಸಿಗುವುದೂ ಈ ಹುಡುಕಾಟದಲ್ಲಿಯೇ. 1821ರಲ್ಲಿ ಮೆಕೆಂಜಿ ತೀರಿಕೊಂಡ ಮೇಲೆ, ಕೆಲಸ ಮುಂದುವರಿಸುತ್ತೇನೆಂದು ಲಕ್ಷ್ಮಯ್ಯ ಕೇಳಿಕೊಂಡ. ಅವನ ಪ್ರಸ್ತಾವ ತಿರಸ್ಕೃತವಾಯಿತು. ಹಸ್ತಪ್ರತಿಗಳ ಪರಿಶೀಲನೆ ಪಾದ್ರಿ ವಿಲಿಯಂ ಟೇಲರ್ ಕೈಸೇರಿತು. ನಕ್ಷೆಯನ್ನಷ್ಟೇ ನೋಡುವ ಚರಿತ್ರೆಗೆ ಈ ಅನ್ಯಾಯ ಕಾಣುವುದೇ ಇಲ್ಲ, ಏಕೆಂದರೆ ಅದರ ಪಾಲಿಗೆ ಲಕ್ಷ್ಮಯ್ಯನೇ ಇಲ್ಲ.

ನನ್ನ ದೃಷ್ಟಿಯಲ್ಲಿ ಮುಖ್ಯ ಮಾತು ಇದು: ಅಂತರಶಿಸ್ತೀಯ ಎಂದು ನಾವು ಇಂದು ಕರೆಯುವ ವಿಧಾನ ಮೈಸೂರು ಸರ್ವೆಗೆ ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಸರ್ವೆ ನಡೆದಾಗ ಅಳತೆ, ಶಾಸನ, ಕೈಫಿಯತ್ತು, ಚಿತ್ರ ಎಲ್ಲವೂ ಒಂದೇ ಕೆಲಸದ ಭಾಗಗಳಾಗಿದ್ದವು. ಬೇರ್ಪಟ್ಟದ್ದು ಆಮೇಲೆ. ಮೆಕೆಂಜಿಯ ಸಂಗ್ರಹದ ಚಿತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ದೇಶಭಾಷೆಯ ಹಸ್ತಪ್ರತಿಗಳಲ್ಲಿ ಬಹುಪಾಲು ಚೆನ್ನೈಯ ಹಸ್ತಪ್ರತಿ ಭಂಡಾರದಲ್ಲಿ ಉಳಿದವು. ವಿಶ್ವವಿದ್ಯಾಲಯಗಳ ವಿಭಾಗಗಳು ಈ ಹಂಚಿಕೆಯನ್ನೇ ಜ್ಞಾನದ ಹಂಚಿಕೆ ಎಂದು ಒಪ್ಪಿಕೊಂಡವು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ನಮ್ಮಲ್ಲಿ ಇತಿಹಾಸ ಮತ್ತು ಸಾಹಿತ್ಯದವರ ಆಕರವಾಯಿತೇ ಹೊರತು ಭೂಗೋಳದ ತರಗತಿಗೆ ಹೋಗಲಿಲ್ಲ. ಅದರಲ್ಲಿ ಬರುವ ಕೆರೆ, ಕೋಟೆ, ಗಡಿಗಳನ್ನು ಹಳೆಯ ನಕ್ಷೆಯ ಮೇಲೆ ಗುರುತಿಸಿ, ಆ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂಡಿಸುವ ತಂತ್ರಾಂಶ ಈಗ ಯಾವ ವಿದ್ಯಾರ್ಥಿಗೂ ಎಟುಕುವಂಥದು. ಆದರೆ ಕೈಫಿಯತ್ತಿನ ಕನ್ನಡವನ್ನು ಸರಾಗವಾಗಿ ಓದಬಲ್ಲವರನ್ನೂ ಈ ತಂತ್ರಾಂಶ ಬಲ್ಲವರನ್ನೂ ಒಂದೇ ಮೇಜಿಗೆ ಕೂರಿಸಬೇಕು. ಅದನ್ನು ಮಾಡಬೇಕಾದದ್ದು ಕರ್ನಾಟಕದ ವಿಶ್ವವಿದ್ಯಾಲಯಗಳೇ. ಮೈಸೂರು ಸೀಮೆಯ ಊರುಗಳ ಹೆಸರು ಗುರುತು ಹಿಡಿಯುವ ಕಿವಿ ಲಂಡನ್ನಿನಲ್ಲಿ ಸಿಗುವುದಿಲ್ಲ.